ಚೌಕಟ್ಟು ಬದಲಾದಾಗ ಕನ್ನಡ ಎಲ್ಲಿ ಕೂರುತ್ತೆ? ಒಂದು ಕೀಲಿಮಣೆಯ ಚರಿತ್ರೆ

ಕನ್ನಡದಲ್ಲಿ ಬ್ಲಾಗ್ ಬರೆಯುವವರಿಗೆ ಬರೆಯೋಕೆ ವಿಷಯ ಸಿಗೋದು ಒಂದು ಕಷ್ಟ. ಬರೆಯೋಕೆ ಕೀಲಿ ಸಿಗೋದು ಅದಕ್ಕೂ ಮೊದಲಿನ ಕಷ್ಟ. ಬೇರೆ ಯಾರದೋ ಗಣಕದ ಮುಂದೆ ಕೂತಿರ್ತೀವಿ. ಅದರಲ್ಲಿ ಬರಹವೂ ಇಲ್ಲ, ನುಡಿಯೂ ಇಲ್ಲ. ಹಾಕ್ಕೊಳ್ಳೋಣ ಅಂದ್ರೆ ಪಾಸ್‌ವರ್ಡ್ ಕೇಳುತ್ತೆ. ಅಂಥ ಹೊತ್ತಲ್ಲಿ ಕನ್ನಡ ವಿಕಿಪೀಡಿಯ ತೆರೆದು ಬರೆಯುವ ಪೆಟ್ಟಿಗೆ ಒಳಗೆ ಕ್ಲಿಕ್ ಮಾಡಿದರೆ ಪಕ್ಕದಲ್ಲೇ ಸಣ್ಣದೊಂದು ಕೀಲಿಮಣೆಯ ಚಿತ್ರ ಕಾಣುತ್ತೆ. ಅದನ್ನ ಒತ್ತಿದರೆ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕೆಜಿಪಿ/ನುಡಿ/ಕೆ.ಪಿ.ರಾವ್ ಅಂತ ಪಟ್ಟಿ. ಏನನ್ನೂ ಇಳಿಸಿಕೊಳ್ಳದೆ, ಯಾರನ್ನೂ ಕೇಳದೆ, ಅಲ್ಲೇ ಕನ್ನಡ ಬರೆಯಬಹುದು.

ಈ ಪುಟ್ಟ ಪಟ್ಟಿಯ ಹಿಂದೆ ಇರೋದು 'ಜೆಕ್ವೆರಿ ಡಾಟ್ ಐಎಂಇ' ಅನ್ನೋ ಮುಕ್ತ ತಂತ್ರಾಂಶ. ಹೆಸರಲ್ಲೇ ಗೊತ್ತಾಗೋ ಹಾಗೆ ಅದು ಜೆಕ್ವೆರಿ ಮೇಲೆ ನಿಂತಿದೆ. ಜಾಲತಾಣ ಕಟ್ಟುವವರ ಲೋಕ ಮಾತ್ರ ಜೆಕ್ವೆರಿ ಬಿಟ್ಟು ಬಹಳ ದೂರ ಬಂದಾಗಿದೆ. ವಿಕಿಪೀಡಿಯವೂ 2020ರಲ್ಲಿ ವ್ಯೂ ಜೆಎಸ್ ಅನ್ನೋ ಹೊಸ ಫ್ರೇಮ್‌ವರ್ಕ್ ಒಪ್ಪಿಕೊಂಡಿತು. ಹಾಗಾದರೆ ನಮ್ಮ ಕೀಲಿಮಣೆಯ ಗತಿ ಏನು? ಇದು ಬರೀ ಪ್ರೋಗ್ರಾಮರುಗಳ ತಲೆನೋವು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಗಣಕದ ಚೌಕಟ್ಟು ಬದಲಾದಾಗಲೆಲ್ಲ ಕನ್ನಡ ಏನನ್ನ ಕಳಕೊಂಡಿತು, ಏನನ್ನ ಉಳಿಸಿಕೊಂಡಿತು ಅಂತ ಹಿಂದಕ್ಕೆ ನೋಡಿದರೆ ಮುಂದಿನ ದಾರಿ ಸ್ವಲ್ಪ ಕಾಣುತ್ತೆ ಅನ್ನೋದು ನನ್ನ ಅನಿಸಿಕೆ.

ಮೊದಲು ಕೆ.ಪಿ.ರಾಯರು. ಮಂಗಳೂರು ಹತ್ತಿರದ ಕಿನ್ನಿಕಂಬಳದವರು, ಅಕ್ಷರ ಜೋಡಣೆಯ ಲೋಕದಲ್ಲಿ ದುಡಿದವರು. ಕನ್ನಡಕ್ಕೆ ಅಂತ ಅವರು ಒಂದು ಕೀಲಿ ವಿನ್ಯಾಸ ಮಾಡಿದರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಕನ್ನಡದ ಇಡೀ ವರ್ಣಮಾಲೆ ಕೂತಿತು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. 'ಕನ್ನಡ' ಅಂತ ಬರೀಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ.. ಐದೇ ಪೆಟ್ಟು. ಸೇಡಿಯಾಪು ಕೃಷ್ಣಭಟ್ಟರ ಹೆಸರಲ್ಲಿ 'ಸೇಡಿಯಾಪು' ತಂತ್ರಾಂಶವನ್ನೂ ರಾಯರು ಮಾಡಿದರು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಗೂ ಇದೇ ವಿನ್ಯಾಸ ಆಧಾರವಾಯಿತು. ವಿಕಿಪೀಡಿಯದ ಪಟ್ಟಿಯಲ್ಲಿ ಕೆಜಿಪಿ, ನುಡಿ, ಕೆ.ಪಿ.ರಾವ್ ಅಂತ ಮೂರು ಹೆಸರು ಒಟ್ಟಿಗೆ ಇರೋದು ಅದಕ್ಕೇ.

1996ರಲ್ಲಿ ಡಾ. ಯು.ಬಿ. ಪವನಜ ಅವರ 'ವಿಶ್ವಕನ್ನಡ' ಅಂತರ್ಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ಆ ಕಾಲದವರಿಗೆ ನೆನಪಿರುತ್ತೆ, ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕೊಂಬು ಬಾಲ ಇರೋ ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಂತೆ! ಕಾರಣ ಸರಳ. ಆಗ ಕಡತದಲ್ಲಿ ಉಳೀತಾ ಇದ್ದದ್ದು ಕನ್ನಡದ ಅಕ್ಷರ ಅಲ್ಲ, ಅಕ್ಷರದ ತುಂಡುಗಳ ಸಂಕೇತ. ತಲೆಕಟ್ಟು ಒಂದು ತುಂಡು, ಒತ್ತು ಇನ್ನೊಂದು ತುಂಡು. ಯಾವ ತುಂಡಿಗೆ ಯಾವ ಸಂಖ್ಯೆ ಅಂತ ಫಾಂಟ್ ಮಾಡಿದವರು ತಮ್ಮ ತಮ್ಮ ಇಷ್ಟದ ಹಾಗೆ ನಿರ್ಧಾರ ಮಾಡ್ತಿದ್ದರು. ಫಾಂಟ್ ಹೋದರೆ ಕನ್ನಡವೂ ಹೋಯಿತು.

ನಮ್ಮ ಮೂಡಿಗೆರೆ ಈ ಕಥೆಯೊಳಗೆ ಬರೋದು ಇಲ್ಲೇ. ಪೂರ್ಣಚಂದ್ರ ತೇಜಸ್ವಿ ಅಂದರೆ ಕಾಫಿ ತೋಟ, ಗಾಳ, ಕ್ಯಾಮೆರಾ, 'ಕರ್ವಾಲೊ' ಅಂತ ನೆನಪಾಗೋದು ಸಹಜ. ಆದರೆ ಕೊನೆಯ ವರ್ಷಗಳಲ್ಲಿ ಅವರ ತಲೆ ತುಂಬ ಇದ್ದ ವಿಷಯಗಳಲ್ಲಿ ಕನ್ನಡ ತಂತ್ರಾಂಶವೂ ಒಂದು. ಗಣಕದಲ್ಲಿ ಸರಿಯಾದ ಜಾಗ ಸಿಗದೆ ಹೋದರೆ ಕನ್ನಡಕ್ಕೆ ಉಳಿಗಾಲ ಇಲ್ಲ ಅನ್ನೋ ಆತಂಕ ಅವರದು. ಹಾಸನದ ತಂತ್ರಜ್ಞರ ಬೆನ್ನಿಗೆ ನಿಂತರು. ಆ ಕೆಲಸ 'ಕುವೆಂಪು ಕನ್ನಡ ತಂತ್ರಾಂಶ' ಅನ್ನೋ ಹೆಸರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹೊರಬಂತು. 2007ರ ಏಪ್ರಿಲ್ 5ರಂದು ತೇಜಸ್ವಿ ಹೋದರು. ಹ್ಯಾಂಡ್‌ಪೋಸ್ಟ್ ಹತ್ತಿರದ 'ನಿರುತ್ತರ'ದಲ್ಲಿ ಕೂತು ಒಬ್ಬ ಕಾದಂಬರಿಕಾರ ಫಾಂಟು, ಕೀಲಿಮಣೆ ಅಂತ ಯಾಕೆ ತಲೆ ಕೆಡಿಸಿಕೊಂಡ ಅಂತ ಆಗ ಕೆಲವರಿಗೆ ಅನ್ನಿಸಿರಬಹುದು. ಈಗ ನೋಡಿದರೆ, ಲೇಖಕನೊಬ್ಬ ತಲೆ ಕೆಡಿಸಿಕೊಳ್ಳಲೇಬೇಕಾಗಿದ್ದ ವಿಷಯ ಅದು. ಬರೆದದ್ದು ಇಪ್ಪತ್ತು ವರ್ಷ ಕಳೆದ ಮೇಲೂ ಓದೋಕೆ ಸಿಗಬೇಕಲ್ಲ?

ಅಷ್ಟರಲ್ಲಿ ಚೌಕಟ್ಟು ಬದಲಾಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿತ್ತು. ಆದರೆ ನಮ್ಮಂಥವರ ಮೇಜಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ 'ತುಂಗಾ' ಫಾಂಟ್ ಜೊತೆಗೆ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅದರ ಹಿಂದೆಯೇ ನಮ್ಮ ಬ್ಲಾಗುಗಳು. ಹಳೆ ಫಾಂಟುಗಳಲ್ಲಿ ಬರೆದಿಟ್ಟ ರಾಶಿ ರಾಶಿ ಕಡತಗಳಿಗೆ ಪರಿವರ್ತಕ ಬೇಕಾಯಿತು. ಎಷ್ಟೋ ಕಡತಗಳು ಪರಿವರ್ತನೆ ಆಗದೆ ಸಿ.ಡಿ.ಗಳಲ್ಲೇ ಉಳಿದವು.

ಆದರೆ ಒಂದು ವಿಚಿತ್ರ ಗಮನಿಸಿ. ಇಷ್ಟೆಲ್ಲ ಏರುಪೇರಾದರೂ ರಾಯರ ಕೀಲಿ ವಿನ್ಯಾಸ ಹೋಗಲಿಲ್ಲ! ತುಂಡುಗಳ ಕಾಲದಲ್ಲಿ ಕೆ, ಎಫ್, ಆರ್ ಒತ್ತಿದರೆ 'ಕ್ರ' ಬರ್ತಿತ್ತು. ಯೂನಿಕೋಡ್ ಕಾಲದಲ್ಲೂ ಅದೇ. ಒಳಗೆ ಕಡತಕ್ಕೆ ಹೋಗೋದು ಪೂರ್ತಿ ಬೇರೆ, ಬೆರಳಿಗೆ ಮಾತ್ರ ಗೊತ್ತೇ ಆಗಲಿಲ್ಲ. ವಿಂಡೋಸ್‌ನ ನುಡಿಯಿಂದ ಲಿನಕ್ಸ್‌ಗೆ ಹೋದವರಿಗೆ ಅಲ್ಲೂ ಸಿಕ್ಕಿತು. ಯಾಕೆ ಅಂದ್ರೆ ವಿನ್ಯಾಸ ಅನ್ನೋದು ಒಂದು ಪ್ರೋಗ್ರಾಂ ಅಲ್ಲ, ಒಂದು ಪಟ್ಟಿ. ಯಾವ ಕೀಲಿಗೆ ಯಾವ ಅಕ್ಷರ ಅನ್ನೋ ಒಪ್ಪಂದ. ಚೀಟಿಯಲ್ಲಿ ಬರೆದುಕೊಂಡು ಬೇರೆ ಊರಿಗೆ ಹೋಗಬಹುದು.

ಬ್ರೌಸರಿನೊಳಗೇ ಕನ್ನಡ ಬರೆಯುವ ಕಾಲ ಬಂದಾಗ ಇದೇ ಪಾಠ ಇನ್ನೊಂದು ಸಲ ಆಯಿತು. ಗೂಗಲ್‌ನ ಲಿಪ್ಯಂತರಣ ಸೇವೆಯನ್ನ ಎಷ್ಟೋ ತಾಣಗಳು ತಮ್ಮ ಪುಟಕ್ಕೆ ಸೇರಿಸಿಕೊಂಡಿದ್ದವು. 2011ರಲ್ಲಿ ಕಂಪನಿ ಆ ಎಪಿಐಗೆ ನಿವೃತ್ತಿ ಘೋಷಿಸಿತು. ಅದರ ಒಳಗೇನಿದೆ ಅಂತ ಹೊರಗಿನವರಿಗೆ ಗೊತ್ತಿಲ್ಲದ ಕಾರಣ ಎತ್ತಿಕೊಂಡು ಮುಂದುವರಿಸೋ ದಾರಿ ಇರಲಿಲ್ಲ. ಅದೇ ವರ್ಷ ಭಾರತೀಯ ಭಾಷೆಗಳ ವಿಕಿಗಳಿಗೆ 'ನಾರಾಯಂ' ಅನ್ನೋ ಮುಕ್ತ ಸಲಕರಣೆ ಬಂತು. 2012ರಲ್ಲಿ ಸಂತೋಷ್ ತೊಟ್ಟಿಂಗಲ್ ಮುಂತಾದವರಿದ್ದ ವಿಕಿಮೀಡಿಯ ಭಾಷಾ ತಂಡ ಅದನ್ನ ವಿಕಿಯಿಂದ ಬಿಡಿಸಿ, ಯಾವ ಜಾಲತಾಣ ಬೇಕಾದರೂ ಬಳಸುವ ಹಾಗೆ ಜೆಕ್ವೆರಿ ಡಾಟ್ ಐಎಂಇ ಮಾಡಿತು. 2013ರಲ್ಲಿ ಭಾಷೆ ಆರಿಸುವ ಸಲಕರಣೆಯ ಜೊತೆ ಅದು ಎಲ್ಲ ವಿಕಿಗಳಿಗೂ ಹೋಯಿತು. ನಾರಾಯಂ ಹೋಯಿತು, ಅದರ ನಿಯಮಗಳ ಪಟ್ಟಿ ಮಾತ್ರ ಹೊಸ ಮನೆಗೆ ಬಂತು. ನೂರಕ್ಕೂ ಹೆಚ್ಚು ಕೀಲಿ ವಿನ್ಯಾಸಗಳು ಹೀಗೆ ಒಂದೇ ಕಡೆ ಕೂತಿವೆ.

ಈಗ ಮೂರನೇ ತಿರುವು. ಗುಂಡಿ, ಮೆನು, ಪಟ್ಟಿ, ಪೆಟ್ಟಿಗೆ ಇಂಥವನ್ನ ಪ್ರತಿ ಪುಟಕ್ಕೂ ಹೊಸದಾಗಿ ಮಾಡದೆ ಒಂದು ಕಡೆ ಮಾಡಿಟ್ಟು ಎಲ್ಲರೂ ಬಳಸೋದಕ್ಕೆ ಕಾಂಪೊನೆಂಟ್ ಲೈಬ್ರರಿ ಅಂತಾರೆ. ವಿಕಿಮೀಡಿಯದ ಹಳೆಯ ಲೈಬ್ರರಿ ಓಓಯುಐ, ಅದೂ ಜೆಕ್ವೆರಿ ಮೇಲೆ ನಿಂತದ್ದು. ಹೊಸದು ವ್ಯೂ ಆಧಾರದ ಕೋಡೆಕ್ಸ್. ವಿಷಯ ಅಲ್ಲಿಗೇ ಮುಗಿಯಲಿಲ್ಲ. ವ್ಯೂ 2 ಅಂತ ಶುರು ಮಾಡಿದವರು ವ್ಯೂ 3ಕ್ಕೆ ಹೋಗಬೇಕಾಯಿತು, 2023ರ ಡಿಸೆಂಬರ್ 31ಕ್ಕೆ ವ್ಯೂ 2ರ ಆಯುಸ್ಸು ಮುಗಿಯಿತು. ಅಂದರೆ 'ಎಲ್ಲವನ್ನೂ ವ್ಯೂಗೆ ಬರೆದುಬಿಡೋಣ' ಅನ್ನೋದು ಶಾಶ್ವತ ಪರಿಹಾರ ಅಲ್ಲ. ಇನ್ನು ಹತ್ತು ವರ್ಷಕ್ಕೆ ಅದರ ಜಾಗಕ್ಕೆ ಇನ್ನೇನೋ ಬಂದಿರುತ್ತೆ.

ಇಲ್ಲಿ ನಮ್ಮ ಕಡೆಯ ಕಾಫಿ ಬೆಳೆಗಾರರ ಚರಿತ್ರೆ ನೆನಪಾಗುತ್ತೆ. ಚಿಕ್ಕಮಗಳೂರು ಸೀಮೆಯ ಹಳೆ ಅರೇಬಿಕಾ ತಳಿ 'ಚಿಕ್ಸ್' ಕಾಂಡಕೊರಕದ ಹಾವಳಿಗೆ ಹೋಯಿತು. ಅದರ ಜಾಗಕ್ಕೆ ಬಂದ 'ಕೂರ್ಗ್' ತಳಿಯನ್ನ ಎಲೆ ತುಕ್ಕು ತಿಂತು. ಕಳೆದ ಶತಮಾನದ ಆರಂಭದಲ್ಲಿ ದೊಡ್ಡೆನಗುಡ್ಡ ತೋಟದ ಕೆಂಟ್ ಅನ್ನೋ ಬೆಳೆಗಾರ ತುಕ್ಕು ತಡೆಯೋ ಗಿಡ ಆರಿಸಿದ, ಅದೇ 'ಕೆಂಟ್ಸ್'. ಅದೂ ಸೋತಿತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದ ನಡುವೆ ಎಸ್. 795 ಬಂತು. ಇವತ್ತಿಗೂ ಅದು ತೋಟಗಳಲ್ಲಿದೆ. ಅದರ ಒಬ್ಬ ಪೂರ್ವಜ ಯಾರು ಗೊತ್ತಾ? ಸೋತ ಕೆಂಟ್ಸೇ! ತಳಿ ಮೂರು ಸಲ ಬದಲಾಯಿತು ಅಂತ ಯಾರೂ ನೆರಳಿನ ಮರ ಕಡಿದು ಬಯಲು ಮಾಡಲಿಲ್ಲ. ಒಂದೇ ವರ್ಷಕ್ಕೆ ಇಡೀ ತೋಟ ಕಿತ್ತು ಹೊಸ ಗಿಡ ಹಾಕಿದರೆ ಫಸಲಿಲ್ಲದ ವರ್ಷಗಳಲ್ಲಿ ತಿನ್ನೋದೇನು? ಹಳೆ ಗಿಡದ ನಡುವೆ ಸಸಿ ನೆಟ್ಟು, ಅದು ಫಸಲಿಗೆ ಬಂದ ಮೇಲೆ ಹಳೆಯದನ್ನ ತೆಗೆಯೋದು ಬುದ್ಧಿವಂತರ ಲೆಕ್ಕ.

ನಮ್ಮ ಕೀಲಿಮಣೆಗೂ ಇದೇ ಲೆಕ್ಕ ಸಾಕು. ಫ್ರೇಮ್‌ವರ್ಕ್ ಅನ್ನೋದು ಗಿಡ. ನಿಯಮಗಳ ಪಟ್ಟಿ ನೆರಳಿನ ಮರ.

ಮೊದಲನೆಯದು, ಪಟ್ಟಿಯನ್ನ ಪೂರ್ತಿ ಬಿಡಿಸಿಡೋದು. ಜೆಕ್ವೆರಿ ಡಾಟ್ ಐಎಂಇಯಲ್ಲಿ ಕನ್ನಡದ ನಿಯಮಗಳ ಕಡತ ತೆರೆದು ನೋಡಿ. ನಡುವೆ ಇರೋದು ಈ ಕೀಲಿಗೆ ಈ ಅಕ್ಷರ ಅನ್ನೋ ಶುದ್ಧ ಪಟ್ಟಿ. ಶುರುವಿನ ಮತ್ತು ಕೊನೆಯ ಕೆಲವು ಸಾಲುಗಳು ಮಾತ್ರ ಅದನ್ನ ಜೆಕ್ವೆರಿಗೆ ಕಟ್ಟಿಹಾಕಿವೆ. ಆ ಗಂಟು ಬಿಚ್ಚಿ ಪಟ್ಟಿಯನ್ನ ಬರೀ ದತ್ತಾಂಶವಾಗಿ ಇಟ್ಟರೆ ವ್ಯೂ ಬಂದರೂ ಸರಿ, ನಾಳೆ ಇನ್ನೊಂದು ಬಂದರೂ ಸರಿ. ಇದಕ್ಕೆ ಮಾದರಿ ವಿಕಿಯಲ್ಲೇ ಇದೆ. ಮೀಡಿಯಾವಿಕಿಯ ಪರದೆ ಸಂದೇಶಗಳು ಮೊದಲು ಪಿಎಚ್‌ಪಿ ಕಡತಗಳಲ್ಲಿದ್ದವು, 2014ರಲ್ಲಿ ಜೇಸನ್ ರೂಪಕ್ಕೆ ಹೋದವು. ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಕನ್ನಡಿಗರು ವರ್ಷಗಟ್ಟಲೆ ಮಾಡಿದ್ದ ಅನುವಾದ ಹಾಗೆಯೇ ಮುಂದುವರಿಯಿತು. ಈಗ ಅದನ್ನ ಹಳೆ ಗುಂಡಿಯೂ ಬಳಸುತ್ತೆ, ಹೊಸ ಗುಂಡಿಯೂ ಬಳಸುತ್ತೆ.

ಎರಡನೆಯದು, ಹೊಸದು ಫಸಲು ಕೊಡೋವರೆಗೆ ಹಳೆಯದನ್ನ ಕೀಳದಿರೋದು. ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೆ ಪರೀಕ್ಷೆಗಳು. ಇಂಥ ಕೀಲಿಗಳನ್ನ ಒತ್ತಿದರೆ ಇಂಥ ಪದ ಬರಬೇಕು ಅಂತ ಬರೆದಿಡುವ ಕಡತ ಆ ತಂತ್ರಾಂಶದಲ್ಲಿ ಇದೆ. ಅದನ್ನ ತುಂಬಿಸೋಕೆ ಪ್ರೋಗ್ರಾಮಿಂಗ್ ಬೇಡ, ಕನ್ನಡ ಬೇಕು. 'ರಾಜ್‌ಕುಮಾರ್' ಅಂತ ಬರೆದರೆ 'ರಾಜ್ಕುಮಾರ್' ಆಗಬಾರದು. 'ಸೂರ್ಯ'ದಲ್ಲಿ ಅರ್ಕಾವೊತ್ತು ಬರಬೇಕು. 'ರ‍್ಯಾಂಕ್' ಅಂತ ಬರೆಯೋಕೂ ದಾರಿ ಇರಬೇಕು. ಇವುಗಳ ನಡುವೆ ಕಣ್ಣಿಗೆ ಕಾಣದ, ಸೊನ್ನೆ ಅಗಲದ ಅಕ್ಷರಗಳು ಕೂತಿರುತ್ತವೆ. ಕನ್ನಡ ಗೊತ್ತಿಲ್ಲದ ಎಂಥ ಜಾಣನೂ ಇದನ್ನ ಊಹಿಸೋಕಾಗಲ್ಲ.

ಮೂರನೆಯದು, ಹೊಸ ಗುಂಡಿ ಪೆಟ್ಟಿಗೆಗಳನ್ನ ರೂಪಿಸುವಾಗಲೇ ನಮ್ಮವರು ಅಲ್ಲಿರೋದು. 'ಸ್ತ್ರೀ' ಅನ್ನೋ ಪದ ಗುಂಡಿಯೊಳಗೆ ಕೂತಾಗ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತಾ? ಹತ್ತೇ ಅಕ್ಷರ ಅಂತ ಮಿತಿ ಹಾಕಿದರೆ 'ಕ್ಷ'ವನ್ನ ಒಂದು ಅಂತ ಎಣಿಸುತ್ತೋ, ಮೂರು ಅಂತ ಎಣಿಸಿ ನಡುವೆ ಮುರಿಯುತ್ತೋ? ಎಲ್ಲ ಮುಗಿದು ಹೊರಬಂದ ಮೇಲೆ ಹೇಳಿದರೆ ಅದು ದೂರು. ಮಾಡುವಾಗಲೇ ಹೇಳಿದರೆ ಅದು ವಿನ್ಯಾಸ.

ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇದೆಯಲ್ಲ, ಇದೆಲ್ಲ ಇನ್ನೂ ಯಾಕೆ ಅಂತ ಕೇಳಬಹುದು. ನಿಜ, ಬಹಳ ಜನಕ್ಕೆ ಅದೇ ಸಾಕು. ಆದರೆ ಶಾಲೆಯ ಲ್ಯಾಬಿನಲ್ಲಿ, ಗ್ರಂಥಾಲಯದಲ್ಲಿ, ಬೀಗ ಹಾಕಿದ ಕಚೇರಿ ಗಣಕದಲ್ಲಿ ಉದ್ದನೆಯ ಲೇಖನ ಬರೆಯಬೇಕಾದವನಿಗೆ ಪುಟದೊಳಗೇ ಇರೋ ಕೀಲಿಮಣೆ ಬಿಟ್ಟರೆ ಗತಿಯಿಲ್ಲ. ಅದರ ಮೂಲ ನಮ್ಮ ಕೈಯಲ್ಲಿದೆ ಅನ್ನೋದು ಸಣ್ಣ ವಿಷಯ ಅಲ್ಲ. ತೇಜಸ್ವಿ ಕಾಲದಲ್ಲಿ ತಂತ್ರಾಂಶ ಬೇಕು ಅಂದರೆ ಯಾರೋ ಮಾಡಿಕೊಡಬೇಕಿತ್ತು, ಯಾರೋ ಬಿಡುಗಡೆ ಮಾಡಬೇಕಿತ್ತು. ಈಗ ಕಡತ ತೆರೆದೇ ಇದೆ, ತಿದ್ದೋಕೆ ಅನುಮತಿಯೂ ಇದೆ. ತೆರೆದಿರೋ ಬಾಗಿಲಿನ ಒಳಗೆ ಹೋಗೋರು ಬೇಕು ಅಷ್ಟೇ.

ಹಾಗಾಗಿ ಬ್ಲಾಗಿಗ ಮಿತ್ರರಲ್ಲಿ ಒಂದು ಸಣ್ಣ ಕೋರಿಕೆ. ನೀವು ದಿನಾ ಬರೆಯುವ, ಕೀಲಿಮಣೆ ತಪ್ಪಿಸುವ ಹತ್ತು ಪದ ಪಟ್ಟಿ ಮಾಡಿ. ಯಾವ ಕೀಲಿ ಒತ್ತಿದಿರಿ, ಏನು ಬಂತು, ಏನು ಬರಬೇಕಿತ್ತು, ಇಷ್ಟು ಸಾಕು. ಚೌಕಟ್ಟು ಕಟ್ಟೋರು ಎಲ್ಲೋ ಕಟ್ಟುತ್ತಾ ಇರ್ತಾರೆ. ಅದರೊಳಗೆ ಕೂರಬೇಕಾದ ಪಟ್ಟಿ ಮಾತ್ರ ನಾವೇ ಬರೀಬೇಕು. ಏನಂತೀರಿ?