ಎಪ್ಪತ್ತೈದು ರೂಪಾಯಿಯ ಪ್ರಾಧ್ಯಾಪಕರು

ಪುಣೆಯ ಫರ್ಗ್ಯುಸನ್ ಕಾಲೇಜು ಕನ್ನಡಿಗರಿಗೆ ಪರಕೀಯವಲ್ಲ. ವರಕವಿ ಬೇಂದ್ರೆಯವರು ಅಲ್ಲಿ ಓದಿದರು, ವಿ. ಕೃ. ಗೋಕಾಕರು 1931ರಲ್ಲಿ ಅಲ್ಲಿ ಅಧ್ಯಾಪಕರಾದರು. ಅಂಥ ಕಾಲೇಜನ್ನು ಕಟ್ಟಿದವರು ಯಾರು, ಹೇಗೆ ಎಂಬುದು ತಿಳಿಯಬೇಕಾದ ಸಂಗತಿ.

1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ, ತಿಲಕ ಮೊದಲಾದವರು ಕೂಡಿ ಪುಣೆಯಲ್ಲಿ ಒಂದು ಶಾಲೆ ತೆರೆದರು. ಆಗರಕರರು ಮರುವರ್ಷ ಬಂದು ಸೇರಿದರು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ, 1885ರಲ್ಲಿ ಕಾಲೇಜು ಹುಟ್ಟಿದವು. ಪಾಠ ಹೇಳುವ ಆಜೀವ ಸದಸ್ಯರೇ ಸಂಸ್ಥೆಯ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದರು. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಯ ಮೇಲೆ 20 ವರ್ಷ ದುಡಿಯುವ ಕರಾರಿಗೆ ಒಪ್ಪಿದರು. ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ, ಯಾವುದಕ್ಕೆ ಅಧ್ಯಾಪಕರು ಬೇಕೋ ಅದನ್ನು ಕಲಿಸಿದರು. ರಜೆಯಲ್ಲಿ ಊರೂರು ತಿರುಗಿ ಕಟ್ಟಡಕ್ಕೆ ಚಂದಾ ಕೂಡಿಸಿದರು.

ಆದರೆ ತ್ಯಾಗಿಗಳು ಒಂದೆಡೆ ಕೂಡಿದ ಮಾತ್ರಕ್ಕೆ ಮನಸ್ಸುಗಳು ಕೂಡುತ್ತವೆಯೇ? ಸದಸ್ಯರು ಹೊರಗೆ ದುಡಿದು ಹಣ ಗಳಿಸಬಹುದೇ, ಬೇರೆ ಸಂಸ್ಥೆಯ ಹೊಣೆ ಹೊರಬಹುದೇ ಎಂಬ ಪ್ರಶ್ನೆ ಎದ್ದಿತು. ಶಕ್ತಿಯೆಲ್ಲ ಸಂಸ್ಥೆಗೇ ಮೀಸಲಾಗಬೇಕೆಂದು ತಿಲಕರು ಹಟ ಹಿಡಿದರು, ಉಳಿದವರು ಒಪ್ಪಲಿಲ್ಲ. ಸಮಾಜ ಸುಧಾರಣೆಯ ವಿಷಯದಲ್ಲಿ ಆಗರಕರರೊಡನೆ ಅವರಿಗೆ ಮೊದಲೇ ವಿರಸವಿತ್ತು. ಕೊನೆಗೆ 1890ರಲ್ಲಿ ತಿಲಕರು ತಾವೇ ಕಟ್ಟಿದ ಸಂಸ್ಥೆಯನ್ನು ಬಿಟ್ಟು ಹೊರಬಂದರು.

ಕಾಲೇಜು ಮುಳುಗಲಿಲ್ಲ. ತಿಲಕರ ಗಣಿತದ ಪಾಠಗಳಿಗಾಗಿ ಗೋಖಲೆಯವರು ಮುಂಬಯಿಯಿಂದ ತಮ್ಮ ಸಹಪಾಠಿ ಧೋಂಡೋ ಕೇಶವ ಕರ್ವೆಯವರನ್ನು ಕರೆಸಿದರು. 1891ರಲ್ಲಿ ಬಂದ ಕರ್ವೆಯವರು 1914ರವರೆಗೆ ಪಾಠ ಹೇಳಿದರು. ನಡುವೆ 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು, 1916ರಲ್ಲಿ ಮಹಿಳಾ ವಿದ್ಯಾಪೀಠವನ್ನೇ ಸ್ಥಾಪಿಸಿದರು. ಹೊರಗಿನ ಹೊಣೆ ಹೊತ್ತರೆ ಒಳಗಿನ ಕೆಲಸ ಕೆಡುತ್ತದೆಂಬ ಶಂಕೆಗೆ ಅವರ ಬಾಳೇ ಉತ್ತರವಾಯಿತು.

ಈ ಸೊಸೈಟಿಯ ಹಿರಿಮೆ ಕನ್ನಡಕ್ಕೂ ಒದಗಿತು. ಗೋಕಾಕರನ್ನು ಆಕ್ಸ್‌ಫರ್ಡಿಗೆ ಕಳಿಸಿದ್ದು ಇದೇ ಸಂಸ್ಥೆ. 1938ರಲ್ಲಿ ಮರಳಿದ ಅವರು, ಸೊಸೈಟಿಯೇ ಸಾಂಗ್ಲಿಯಲ್ಲಿ ನಡೆಸುತ್ತಿದ್ದ ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದರು. ಅಲ್ಲಿಯೇ ಕನ್ನಡ ಕಲಿಸುತ್ತಿದ್ದ ರಂ. ಶ್ರೀ. ಮುಗಳಿಯವರು ಬರೆದ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮರಾಠಿ ನೆಲದ ಅಧ್ಯಾಪಕರು ನೆಟ್ಟ ಗಿಡದ ನೆರಳು ಕನ್ನಡಕ್ಕೂ ಸಿಕ್ಕಿತು.

ಪರವೂರಿನಲ್ಲಿ ಸಂಘ ನಡೆಸುವ ನಮಗೂ ಭಿನ್ನಮತಗಳು ಹೊಸವಲ್ಲ. ಜಗಳವಾಡಿದವರು ಹೋದರೂ ಖಾಲಿಯಾದ ಕುರ್ಚಿಗೆ ಯೋಗ್ಯರನ್ನು ಹುಡುಕಿ ಕರೆತರುವ ಒಬ್ಬರಾದರೂ ಉಳಿದಿರಬೇಕು. ಫರ್ಗ್ಯುಸನ್ ಕಾಲೇಜಿಗೆ ಅಂಥವರೊಬ್ಬರಿದ್ದರು.