ಅಟ್ಟದ ಮೇಲಿದ್ದ ಮೂರು ಕಾರುಗಳು

ಆಮ್‌ಸ್ಟರ್‌ಡ್ಯಾಮಿನ ಹೊರವಲಯದಲ್ಲಿ ನಾವಿದ್ದ ಬೀದಿಯಲ್ಲಿ ಒಂದು ಬಾತುಕೋಳಿ ಇತ್ತು. ಬಾತುಕೋಳಿ ಅಂದರೆ ಕಾರು. ಸಿಟ್ರೊಯೆನ್ ಕಂಪನಿಯ 2ಸಿವಿ ಎಂಬ ಕಾರನ್ನು ಡಚ್ಚರು ಕರೆಯುವುದೇ ‘ಏಂಟ್’ ಎಂದು, ಬಾತುಕೋಳಿ ಎಂದು. ಗುಂಡಗಿನ ಬೆನ್ನು, ಹೊರಗೆ ಚಾಚಿದ ಎರಡು ದೀಪದ ಕಣ್ಣು, ತಿರುವಿನಲ್ಲಿ ಓಲಾಡುವ ನಡಿಗೆ ನೋಡಿದರೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಅದರ ಒಡೆಯರು ನಮ್ಮ ನೆರೆಮನೆಯವರು, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಅವರು ಬಾನೆಟ್ ಎತ್ತಿ ನಿಂತರೆ ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದೆ. ಎಂಜಿನ್ನಿನ ಗಂಧಗಾಳಿ ನನಗಿಲ್ಲ. ನಿಲ್ಲುತ್ತಿದ್ದದ್ದು ಅವರ ಮಾತಿಗಾಗಿ.

2019ರಲ್ಲಿ ಸಿಟ್ರೊಯೆನ್ ಕಂಪನಿಗೆ ನೂರು ತುಂಬಿತು. ಶತಮಾನೋತ್ಸವದ ದೊಡ್ಡ ಕೂಟ ಜುಲೈ 19ರಿಂದ 21ರವರೆಗೆ ಫ್ರಾನ್ಸಿನ ಲಾ ಫೆರ್ತೆ-ವಿದಾಮ್ ಎಂಬ ಹಳ್ಳಿಯಲ್ಲಿ ಎಂದು ನಿಗದಿಯಾಗಿತ್ತು. ಮೇಷ್ಟ್ರ ಕ್ಲಬ್ಬಿನಿಂದ ಒಂಬತ್ತು ಕಾರುಗಳು ಹೊರಡಲಿದ್ದವು. “ಆ ಬಾತುಕೋಳಿಯ ಹೊಟ್ಟೆಯಲ್ಲಿ ಅಷ್ಟು ದೂರ ಕೂರಲು ನನ್ನ ಬೆನ್ನು ಒಪ್ಪುವುದಿಲ್ಲ” ಎಂದು ಅವರ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದರಿಂದ ಪಕ್ಕದ ಸೀಟು ಖಾಲಿ ಉಳಿದಿತ್ತು. “ನೀವು ಬನ್ನಿ, ನಕ್ಷೆ ನೋಡುವ ಕೆಲಸ ನಿಮ್ಮದು” ಎಂದರು ಮೇಷ್ಟ್ರು. ಹಳೆಯ ಕಾರುಗಳ ಜಾತ್ರೆಯಲ್ಲಿ ಇತಿಹಾಸ ಎಷ್ಟಿದ್ದೀತು ಎಂಬ ಅನುಮಾನ ಇಟ್ಟುಕೊಂಡೇ ನಾನು ಹತ್ತಿ ಕುಳಿತೆ.

ಹೆದ್ದಾರಿ ಹಿಡಿಯುವ ಮೊದಲು ಅವರು ಹಳೆಯ ಊರಿನ ಒಂದು ಕಾಲುವೆಯ ಪಕ್ಕ ಗಾಡಿ ನಿಲ್ಲಿಸಿದರು. “ಕತೆ ಶುರುವಾಗುವುದು ಪ್ಯಾರಿಸ್ಸಿನಲ್ಲಲ್ಲ, ಇಲ್ಲಿ” ಎಂದರು. ಕಂಪನಿ ಕಟ್ಟಿದ ಆಂದ್ರೆ ಸಿಟ್ರೊಯೆನ್‌ನ ಪೂರ್ವಿಕರು ಆಮ್‌ಸ್ಟರ್‌ಡ್ಯಾಮಿನ ಯಹೂದಿಗಳು, ಹಣ್ಣು ಮಾರುತ್ತಿದ್ದವರು. ಅಡ್ಡಹೆಸರು ಬರೆಸಬೇಕಾಗಿ ಬಂದಾಗ ಹಿರಿಯರೊಬ್ಬರು ‘ಲಿಮೂನ್‌ಮನ್’ ಎಂದು ಬರೆಸಿದರಂತೆ, ಅಂದರೆ ನಿಂಬೆಹಣ್ಣಿನವನು. ಮುಂದಿನ ತಲೆಮಾರು ಅದನ್ನು ‘ಸಿತ್ರೂನ್’ ಮಾಡಿಕೊಂಡಿತು. ಅದೂ ಡಚ್ ಭಾಷೆಯಲ್ಲಿ ನಿಂಬೆಯೇ. 1870ರ ದಶಕದಲ್ಲಿ ಕುಟುಂಬ ಪ್ಯಾರಿಸ್ಸಿಗೆ ಹೋದ ಮೇಲೆ ‘ಇ’ ಅಕ್ಷರದ ನೆತ್ತಿಗೆ ಎರಡು ಚುಕ್ಕೆ ಸೇರಿ ಅದು ಸಿಟ್ರೊಯೆನ್ ಆಯಿತು. ಆಂದ್ರೆ ಹುಟ್ಟಿದ್ದು 1878ರಲ್ಲಿ. ಅವನಿಗೆ ಆರು ವರ್ಷವಾದಾಗ ತಂದೆ ಆತ್ಮಹತ್ಯೆ ಮಾಡಿಕೊಂಡರು. ತಾಯಿ ಪೋಲೆಂಡಿನವರು. 1900ರ ಸುಮಾರಿಗೆ ತಾಯಿಯ ಕಡೆಯ ನೆಂಟರನ್ನು ನೋಡಲು ಹೋದ ಹುಡುಗ ಅಲ್ಲಿ ತಲೆಕೆಳಗಾದ ‘ವಿ’ ಆಕಾರದ ಹಲ್ಲುಗಳಿದ್ದ ಗೇರು ಚಕ್ರ ಕಂಡು ಅದರ ಪೇಟೆಂಟ್ ಕೊಂಡು ತಂದ. ಇವತ್ತಿಗೂ ಆ ಕಾರುಗಳ ಮೂತಿಯ ಮೇಲೆ ಒಂದರ ಮೇಲೊಂದು ಕೂತಿರುವ ಎರಡು ಗೆರೆಗಳು ಆ ಹಲ್ಲುಗಳದೇ ಗುರುತು.

ಹೆದ್ದಾರಿಯಲ್ಲಿ ನಮ್ಮ ಒಂಬತ್ತು ಬಾತುಕೋಳಿಗಳು ಸಾಲಾಗಿ ಬಲಬದಿ ಹಿಡಿದು ಸಾಗಿದವು. ಲಾರಿಗಳು ಕೂಡ ನಮ್ಮನ್ನು ದಾಟಿ ಹೋಗುತ್ತಿದ್ದವು. ಈ ಕಾರಿನ ಗೇರು ಡ್ಯಾಶ್‌ಬೋರ್ಡಿನಿಂದ ಕೊಡೆಯ ಹಿಡಿಯಂತೆ ಹೊರಬಂದಿರುತ್ತದೆ, ಎಳೆದು ತಳ್ಳಿ ಬದಲಿಸಬೇಕು. ಮುಂದಿನ ಬಾಗಿಲಿನ ಗಾಜು ಕೆಳಗಿಳಿಯುವುದಿಲ್ಲ, ಕೆಳಗಿನ ಅರ್ಧವನ್ನು ಮಡಚಿ ಮೇಲಕ್ಕೆ ಸಿಕ್ಕಿಸಬೇಕು. ಮೇಲ್ಛಾವಣಿ ಬರೀ ಬಟ್ಟೆ. ಎಂಜಿನ್ನಿನ ಸದ್ದಿಗೆ ನಾವು ಕೂಗಿಯೇ ಮಾತಾಡಬೇಕಿತ್ತು.

ಆಂಟ್‌ವರ್ಪ್ ದಾಟುತ್ತಿದ್ದಂತೆ ಒಂದು ಮೊಳೆ ಚುಚ್ಚಿ ಟೈರು ಪಂಕ್ಚರ್ ಆಯಿತು. ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದೆವು. ಎಂಜಿನ್ ತಿರುವಿ ಚಾಲೂ ಮಾಡುವ ಹ್ಯಾಂಡಲ್ಲೇ ಚಕ್ರದ ನಟ್ಟು ಬಿಚ್ಚುವ ಸಾಧನವೂ ಆಗಿರುವುದನ್ನು ನಾನು ನೋಡಿದ್ದು ಆಗ. ಒಂದು ನಟ್ಟು ಮಾತ್ರ ಮೇಷ್ಟ್ರ ಕೈಗೂ ಬಗ್ಗಲಿಲ್ಲ, ನನ್ನ ಕೈಗೂ ಬಗ್ಗಲಿಲ್ಲ. ಪೋಲೆಂಡ್ ನಂಬರಿನ ಲಾರಿಯಿಂದ ಒಬ್ಬ ಇಳಿದು ಬಂದು, ಹ್ಯಾಂಡಲ್ ಮೇಲೆ ಕಾಲಿಟ್ಟು ಒಂದೇ ಒದೆಗೆ ಸಡಿಲಿಸಿ, ಸ್ಟೆಪ್ನಿ ಹಾಕಿಕೊಟ್ಟು, ಕಾರಿನ ಬೆನ್ನು ತಟ್ಟಿ ಹೊರಟುಹೋದ.

ಬ್ರಸೆಲ್ಸ್‌ನಲ್ಲಿ ಕಾಲುವೆಯ ಪಕ್ಕ ಗಾಜಿನ ದೊಡ್ಡ ಕಟ್ಟಡವೊಂದಿದೆ. 1930ರ ದಶಕದಲ್ಲಿ ಸಿಟ್ರೊಯೆನ್ ಕಟ್ಟಿಸಿದ ಮಳಿಗೆ ಮತ್ತು ಗ್ಯಾರೇಜು. ನಾವು ಹೋದಾಗ ಅದು ಕಲಾ ಸಂಗ್ರಹಾಲಯವಾಗುವ ಹಾದಿಯಲ್ಲಿತ್ತು. ಮರುದಿನ ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಡದ ಜಾವೆಲ್‌ಗೆ ಹೋದೆವು. ಸಿಟ್ರೊಯೆನ್‌ನ ಮೊದಲ ಕಾರ್ಖಾನೆ ಇದ್ದ ಆ ಜಾಗದಲ್ಲಿ ಈಗ ಉದ್ಯಾನ. 1992ರಲ್ಲಿ ತೆರೆದ ಅದಕ್ಕೆ ಆಂದ್ರೆ ಸಿಟ್ರೊಯೆನ್ ಹೆಸರಿಟ್ಟಿದ್ದಾರೆ. ಮಕ್ಕಳು ಕಾರಂಜಿಯಲ್ಲಿ ಆಡುತ್ತಿದ್ದರು. ಅವರು ಓಡಾಡುತ್ತಿದ್ದ ನೆಲದಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಸಾವಿರಾರು ಹೆಂಗಸರು ಸಾಲಾಗಿ ನಿಂತು ಫಿರಂಗಿ ಗುಂಡು ತಯಾರಿಸುತ್ತಿದ್ದರು. ಒಂದೇ ನಮೂನೆಯ ವಸ್ತುವನ್ನು ರಾಶಿಗಟ್ಟಲೆ ಮಾಡುವ ವಿದ್ಯೆಯನ್ನು ಸಿಟ್ರೊಯೆನ್ ಪಳಗಿಸಿಕೊಂಡದ್ದು ಅಲ್ಲಿ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಅದೇ ಕಾರ್ಖಾನೆಯಿಂದ ಕಾರು ಹೊರಬಂತು. ನಾವು ಆಚರಿಸಲು ಹೊರಟ ನೂರು ವರ್ಷದ ಲೆಕ್ಕ ಶುರುವಾಗುವುದು ಆ ಕಾರಿನಿಂದ. ಗುಂಡು ಮಾಡಿದ ಹೆಂಗಸರು ಆ ಲೆಕ್ಕಕ್ಕಿಂತ ಮುಂಚಿನವರು.

ಹೆಸರು ಮೆರೆಸುವುದು ಸಿಟ್ರೊಯೆನ್‌ಗೆ ಗೊತ್ತಿತ್ತು. 1925ರಿಂದ 1934ರವರೆಗೆ ಐಫೆಲ್ ಗೋಪುರದ ಮೇಲೆ ಅವನ ಹೆಸರು ವಿದ್ಯುತ್ ದೀಪಗಳಲ್ಲಿ ಉರಿಯುತ್ತಿತ್ತು. ಪ್ರಚಾರಕ್ಕಾಗಿ ಅವನು ಕಾರುಗಳನ್ನು ಮರುಭೂಮಿಗೂ ಪರ್ವತಗಳಿಗೂ ಕಳಿಸಿದ. ಅವುಗಳಲ್ಲಿ ಒಂದು ಯಾತ್ರೆ ನಮ್ಮ ಕಡೆಗೂ ಬಂದಿತ್ತು. 1931ರ ಏಪ್ರಿಲ್‌ನಲ್ಲಿ ಬೈರೂತ್‌ನಿಂದ ಹೊರಟ ತಂಡ ಇರಾಕ್, ಇರಾನ್, ಅಫ್ಘಾನಿಸ್ತಾನ ದಾಟಿ ಶ್ರೀನಗರಕ್ಕೆ ಬಂತು. ಮುಂದೆ ಚಕ್ರ, ಹಿಂದೆ ರಬ್ಬರ್ ಪಟ್ಟಿ ಇದ್ದ ಎರಡು ವಾಹನಗಳನ್ನು ಅಲ್ಲಿಂದ ಹಿಮಾಲಯದ ಕಾಲುದಾರಿಗಳಲ್ಲಿ ಗಿಲ್ಗಿಟ್‌ವರೆಗೆ ಒಯ್ದರು. ಒಯ್ದರು ಎನ್ನುವುದೇ ಸರಿ. ದಾರಿ ಕುಸಿದ ಕಡೆ ವಾಹನ ಬಿಚ್ಚಿ, ಭಾಗಗಳನ್ನು ಊರವರ ಹೆಗಲ ಮೇಲೆ ಹೊರಿಸಿದ್ದರು. ತಂಡ 1932ರ ಫೆಬ್ರವರಿಯಲ್ಲಿ ಬೀಜಿಂಗ್ ತಲುಪಿತು. ಅದರ ನಾಯಕ ಜಾರ್ಜ್-ಮಾರಿ ಹಾರ್ಟ್‌ನ ಹೆಸರು ಇತಿಹಾಸದಲ್ಲಿದೆ. ಉದ್ಯಾನದ ಬೆಂಚಿನ ಮೇಲೆ ಕೂತು ಮೇಷ್ಟ್ರಿಗೆ ನಾನು ಕೇಳಿದೆ, “ಹೊತ್ತವರ ಹೆಸರು?” ಅವರು ಕೊಂಚ ಹೊತ್ತು ಸುಮ್ಮನಿದ್ದು, “ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈ ಪ್ರಶ್ನೆಗೆ ಉತ್ತರವಿರುವ ಪುಸ್ತಕ ಸಿಕ್ಕಿದ್ದು ಕಡಿಮೆ” ಎಂದರು.

ಗೋಪುರದ ದೀಪ ಆರಿದ ವರ್ಷವೇ ಕಂಪನಿ ಸಾಲದಲ್ಲಿ ಮುಳುಗಿತು. ದೊಡ್ಡ ಸಾಲಗಾರರಾಗಿದ್ದ ಟೈರು ತಯಾರಕರು, ಮಿಶ್‌ಲ್ಯಾಂ ಮನೆತನದವರು, ಅದನ್ನು ವಹಿಸಿಕೊಂಡರು. 1935ರ ಜುಲೈನಲ್ಲಿ ಆಂದ್ರೆ ಸಿಟ್ರೊಯೆನ್ ಕ್ಯಾನ್ಸರ್‌ನಿಂದ ತೀರಿಕೊಂಡ. ತನ್ನ ಹೆಸರಿನ ಕಂಪನಿ ಆಗ ಅವನದಾಗಿರಲಿಲ್ಲ. ನಾವು ಕೂತು ಹೊರಟಿದ್ದ ಬಾತುಕೋಳಿಯನ್ನು ಅವನು ಕಂಡವನೇ ಅಲ್ಲ.

ಅದನ್ನು ಮಾಡಿಸಿದ್ದು ಹೊಸ ಮಾಲೀಕರು ನೇಮಿಸಿದ ಪಿಯೆರ್-ಜೂಲ್ ಬೂಲಾಂಜೆ. ಅವನು ಬಯಸಿದ್ದು ಕುದುರೆಗಾಡಿ ಬಿಟ್ಟು ಬೇರೇನೂ ಕಾಣದ ರೈತನಿಗೊಂದು ಕಾರು. ರೈತರು ಮತ್ತು ಐವತ್ತು ಕಿಲೋ ಆಲೂಗಡ್ಡೆಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಯ್ಯಬೇಕು, ಉತ್ತ ಹೊಲದ ಮೇಲೆ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು ಎಂಬುದು ಅವನ ಷರತ್ತು. ‘ತೀರಾ ಪುಟ್ಟ ಕಾರು’ ಎಂಬ ಗುಟ್ಟಿನ ಹೆಸರಿನಲ್ಲಿ ಕೆಲಸ ನಡೆಯಿತು. ಆ ಗುಟ್ಟಿನ ಜಾಗವೇ ಲಾ ಫೆರ್ತೆ-ವಿದಾಮ್.

ಪ್ಯಾರಿಸ್ಸಿನಿಂದ ಪಶ್ಚಿಮಕ್ಕೆ ಹೊಲಗಳ ನಡುವೆ ಹೋಗಿ ಮೂರನೆಯ ದಿನ ಅಲ್ಲಿಗೆ ತಲುಪಿದೆವು. ಹಳ್ಳಿಯನ್ನು ಸಮೀಪಿಸುತ್ತಿದ್ದಂತೆ ಎತ್ತರದ ಹಳೆಯ ಕಲ್ಲಿನ ಗೋಡೆ ಶುರುವಾಯಿತು, ಮುಗಿಯುವಂತೆಯೇ ಕಾಣಲಿಲ್ಲ. ಒಂದು ಕಾಲದಲ್ಲಿ ಜಹಗೀರಿನ ಗೋಡೆ ಅದು. ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣಬಾರದು ಎಂದೇ 1938ರಲ್ಲಿ ಕಂಪನಿ ಈ ಜಾಗ ಕೊಂಡು ಕಾರುಗಳ ಪರೀಕ್ಷೆಗೆ ಬಳಸಿತು. ಹಳ್ಳಿಯ ನಡುವೆ ಸೂರಿಲ್ಲದ ಅರಮನೆಯ ಗೋಡೆಗಳು ಆಕಾಶಕ್ಕೆ ಕಿಟಕಿ ತೆರೆದು ನಿಂತಿವೆ. ಅದಕ್ಕೂ ಮೊದಲು ಇಲ್ಲಿದ್ದ ಕೋಟೆಯಲ್ಲಿ ವಾಸಿಸುತ್ತಿದ್ದವನು ಡ್ಯೂಕ್ ಸೇಂಟ್-ಸಿಮೋನ್. ಸಾಹಿತ್ಯದ ವಿದ್ಯಾರ್ಥಿಗಳು ಈ ಹೆಸರು ಕೇಳಿರುತ್ತಾರೆ. ಹದಿನಾಲ್ಕನೆಯ ಲೂಯಿಯ ಆಸ್ಥಾನದ ಒಳಸುಳಿಗಳನ್ನು ಸಾವಿರಾರು ಪುಟಗಳಲ್ಲಿ ಯಾರಿಗೂ ತೋರಿಸದೆ ಬರೆದಿಟ್ಟವನು. 1755ರಲ್ಲಿ ಅವನು ಸತ್ತ, 1760ರಲ್ಲಿ ಸರ್ಕಾರ ಹಸ್ತಪ್ರತಿಯನ್ನು ವಶಪಡಿಸಿಕೊಂಡು ವಿದೇಶಾಂಗ ಇಲಾಖೆಯ ದಫ್ತರದಲ್ಲಿ ಮುಚ್ಚಿಟ್ಟಿತು. ಓದುಗರ ಕೈಗೆ ಅದು ನೆಟ್ಟಗೆ ಸಿಕ್ಕಿದ್ದು 1829ರಿಂದ ಈಚೆಗೆ.

ಈ ಊರಿಗೆ ಬಚ್ಚಿಡುವ ಗುಣ ಇದ್ದಿರಬೇಕು. 1939ರಲ್ಲಿ ಪುಟ್ಟ ಕಾರಿನ ಸುಮಾರು 250 ಮಾದರಿಗಳು ತಯಾರಾಗಿದ್ದವು. ಒಂದೇ ದೀಪದ ಕಣ್ಣು, ಚಾವಣಿಯಿಂದ ಜೋಕಾಲಿಯಂತೆ ತೂಗುಬಿಟ್ಟ ಸೀಟುಗಳು. ಅಕ್ಟೋಬರಿನ ಪ್ಯಾರಿಸ್ ಪ್ರದರ್ಶನದಲ್ಲಿ ಜನರಿಗೆ ತೋರಿಸುವುದೊಂದೇ ಬಾಕಿ. ಸೆಪ್ಟೆಂಬರ್ 3ರಂದು ಫ್ರಾನ್ಸ್ ಯುದ್ಧ ಘೋಷಿಸಿತು, ಪ್ರದರ್ಶನ ರದ್ದಾಯಿತು. ಮುಂದಿನ ವರ್ಷ ಜರ್ಮನ್ನರು ಬಂದರು. ಅವರ ಕೈಗೆ ಸಿಗದಿರಲೆಂದು ಹೆಚ್ಚಿನ ಮಾದರಿಗಳನ್ನು ಮುರಿದುಹಾಕಿ ಕೆಲವನ್ನು ಅಡಗಿಸಿದರು. ಜರ್ಮನ್ನರಿಗೆ ಮಾಡಿಕೊಡಬೇಕಿದ್ದ ಲಾರಿಗಳಲ್ಲಿ ಎಣ್ಣೆ ಅಳೆಯುವ ಕಡ್ಡಿಯ ಗುರುತನ್ನು ಬೂಲಾಂಜೆ ತಪ್ಪಾಗಿ ಹಾಕಿಸಿದ್ದನೆಂದೂ, ಎಣ್ಣೆ ಸಾಲದೆ ಎಂಜಿನ್ನುಗಳು ಕಚ್ಚಿಕೊಳ್ಳುತ್ತಿದ್ದವೆಂದೂ ಹೇಳುತ್ತಾರೆ. 1948ರ ಅಕ್ಟೋಬರಿನಲ್ಲಿ 2ಸಿವಿ ಕೊನೆಗೂ ಜನರ ಮುಂದೆ ಬಂತು. ಪತ್ರಕರ್ತರು ನಕ್ಕರು, ಜನ ವರ್ಷಗಟ್ಟಲೆ ಸರದಿಯಲ್ಲಿ ಕಾದರು. 1990ರಲ್ಲಿ ಪೋರ್ಚುಗಲ್ಲಿನ ಕಾರ್ಖಾನೆಯಲ್ಲಿ ಕೊನೆಯದು ತಯಾರಾಗುವಷ್ಟರಲ್ಲಿ 38 ಲಕ್ಷಕ್ಕೂ ಹೆಚ್ಚು ಕಾರುಗಳಾಗಿದ್ದವು.

ಸಂಜೆ ಕೂಟದಲ್ಲಿ, ಎಲ್ಲಿ ನೋಡಿದರೂ ಹಳೆಯ ಕಾರುಗಳೇ ನಿಂತಿದ್ದ ಬಯಲಿನಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದೆವು. ಮೇಷ್ಟ್ರು ನನಗಾಗಿ ಕೊನೆಗೆ ಉಳಿಸಿಕೊಂಡಿದ್ದ ಕತೆಯನ್ನು ಆಗ ಹೇಳಿದರು. ಯುದ್ಧ ಮುಗಿದ ಮೇಲೆ ಹಳೆಯ ಮಾದರಿಗಳು ಯಾರಿಗೂ ಬೇಡವಾದವು. 1950ರ ದಶಕದಲ್ಲಿ ಉಳಿದವನ್ನೂ ಗುಜರಿಗೆ ಹಾಕಿ ಎಂದು ಕಂಪನಿಯೇ ಆದೇಶಿಸಿತು. ಆದರೆ ಇಲ್ಲಿನ ಕೆಲವು ಕೆಲಸಗಾರರು ಅದನ್ನು ಪಾಲಿಸಲಿಲ್ಲ. ಮೂರು ಕಾರುಗಳನ್ನು ಕೊಟ್ಟಿಗೆಯೊಂದರ ಅಟ್ಟಕ್ಕೇರಿಸಿ ಸುಮ್ಮನಾದರು. 1990ರ ದಶಕದ ಮಧ್ಯದಲ್ಲಿ, ಆ ಕಾರಿನ ತಯಾರಿಕೆಯೇ ನಿಂತ ಮೇಲೆ, ಅವು ಧೂಳಿನ ನಡುವೆ ಬೆಳಕಿಗೆ ಬಂದವು.

“ಜರ್ಮನ್ನರಿಂದ ಬಚ್ಚಿಟ್ಟದ್ದು ಎಲ್ಲ ಪುಸ್ತಕಗಳಲ್ಲೂ ಇದೆ, ಏಕೆಂದರೆ ಅದರಲ್ಲಿ ಕಂಪನಿಗೆ ಗೌರವವಿದೆ” ಎಂದರು ಮೇಷ್ಟ್ರು. “ಕಂಪನಿಯಿಂದಲೇ ಬಚ್ಚಿಟ್ಟವರನ್ನು ನೋಡಿ. ಅವರಿಗೆ ಕೆಲಸ ಹೋಗುವ ಭಯ ಇದ್ದಿರಬೇಕು. ಕಾರು ಉಳಿದದ್ದು ಅವರಿಂದ.”

ನನಗೆ ಗಿಲ್ಗಿಟ್‌ನ ದಾರಿ ನೆನಪಾಯಿತು, ಜಾವೆಲ್‌ನ ಹೆಂಗಸರು ನೆನಪಾದರು. ಸೇಂಟ್-ಸಿಮೋನ್‌ ಬರೆಯಬಲ್ಲವನಾಗಿದ್ದ, ಆದ್ದರಿಂದ ಬಚ್ಚಿಟ್ಟರೂ ಅವನ ಹೆಸರು ಅವನ ಪುಟಗಳ ಜೊತೆಗೇ ಹೊರಬಂತು. ಅಟ್ಟಕ್ಕೆ ಕಾರು ಏರಿಸಿದವರು ಏನೂ ಬರೆದಿಡಲಿಲ್ಲ. ಬರೆದಿದ್ದರೆ ಸಿಕ್ಕಿಬೀಳುತ್ತಿದ್ದರು. ಹೆಸರು ಅಳಿಸಿಕೊಂಡದ್ದರಿಂದಲೇ ಅವರ ಕೆಲಸ ಉಳಿಯಿತು. ಶತಮಾನೋತ್ಸವಗಳು ಹೆಸರು ಉಳಿದವರ ಹಬ್ಬ. ಹಬ್ಬಕ್ಕೆ ಬೇಕಾದ ವಸ್ತುವನ್ನು ಉಳಿಸಿಕೊಟ್ಟವರು ಎಷ್ಟೋ ಸಲ ಆ ಪಟ್ಟಿಯ ಹೊರಗೇ ಇರುತ್ತಾರೆ. ಬರುವಾಗ ಇದ್ದ ನನ್ನ ಅನುಮಾನ ಈಗ ಬೇರೆಯಾಗಿತ್ತು. ಇಲ್ಲಿ ಇತಿಹಾಸ ಇದೆಯೇ ಎಂಬುದಲ್ಲ, ಅದರಲ್ಲಿ ನಾವು ಕೇಳಿಸಿಕೊಂಡದ್ದು ಎಷ್ಟು ಎಂಬುದು.

ಮಲಗುವ ಮೊದಲು ಮೇಷ್ಟ್ರು ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಎಣ್ಣೆ ಮೆತ್ತಿದ ನೋಟ್‌ಬುಕ್ಕೊಂದನ್ನು ತೆಗೆದರು. ಕಾರು ಕೊಂಡ ದಿನದಿಂದ ಅದಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರ ಹೆಸರು, ದಿನಾಂಕ, ಮಾಡಿದ ಕೆಲಸ ಅದರಲ್ಲಿತ್ತು. ಮೆಕ್ಯಾನಿಕ್‌ಗಳು, ಬೆಸುಗೆಯವರು, ಬಟ್ಟೆಯ ಚಾವಣಿ ಹೊಲಿದುಕೊಟ್ಟ ಹೆಂಗಸು. ಪೆನ್ನು ತೆಗೆದು ಬರೆಯತೊಡಗಿದವರು ತಟ್ಟನೆ ನಿಂತು ನನ್ನನ್ನು ನೋಡಿದರು.

“ಆಂಟ್‌ವರ್ಪ್ ಹತ್ತಿರ ನಟ್ಟು ಬಿಚ್ಚಿಕೊಟ್ಟನಲ್ಲ, ಅವನ ಹೆಸರೇನು?”

ನಾವಿಬ್ಬರೂ ಕೇಳಿರಲಿಲ್ಲ. ‘ಪೋಲೆಂಡಿನ ಲಾರಿ ಚಾಲಕ’ ಎಂದು ಬರೆದು, ಪಕ್ಕದಲ್ಲಿ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟು ಅವರು ನೋಟ್‌ಬುಕ್ ಮುಚ್ಚಿದರು.