ಎಲ್ ಪಾಸೋದ ಏಳು ಹುಡುಗರು

ನಮ್ಮ ಶಾಲೆಯ ಮೈದಾನದಲ್ಲಿ ನಾವು ಆಡಿದ್ದು ಕಬಡ್ಡಿ, ಖೊಖೊ, ವಾಲಿಬಾಲ್. ಬ್ಯಾಸ್ಕೆಟ್‌ಬಾಲ್ ಕಂಬವನ್ನು ನಾನು ಹತ್ತಿರದಿಂದ ಕಂಡದ್ದು ಬಿ.ಇ. ಓದಲು ಅಗರ ಬಿಟ್ಟು ಹೋದ ಮೇಲೆ. ಅಲ್ಲಿ ಸಂಜೆ ಆಡುವವರದೇ ಒಂದು ಗುಂಪು. ಇಂಗ್ಲಿಷಿಗೆ ತಡವರಿಸುವ ನಮ್ಮಂಥವರು ಗೆರೆಯಾಚೆ ನಿಂತು, ಹೊರಗೆ ಉರುಳಿ ಬಂದ ಚೆಂಡನ್ನು ಎತ್ತಿ ಕೊಡುತ್ತಿದ್ದೆವು. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಬನ್ನಿ ಎಂದೂ ಕರೆಯಲಿಲ್ಲ. ಆಗ ಓದಿದ ಒಂದು ಕಾಲೇಜು ತಂಡದ ಚರಿತ್ರೆ ಇಂದಿಗೂ ಮರೆತಿಲ್ಲ. ಅದನ್ನೇ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ಗಡಿಯಲ್ಲಿ, ಮೆಕ್ಸಿಕೋಗೆ ಅಂಟಿಕೊಂಡಂತೆ ಎಲ್ ಪಾಸೋ ಎಂಬ ಊರಿದೆ. ಅಲ್ಲಿನ ಟೆಕ್ಸಾಸ್ ವೆಸ್ಟರ್ನ್ ಕಾಲೇಜಿಗೆ 1961ರಲ್ಲಿ ಡಾನ್ ಹ್ಯಾಸ್ಕಿನ್ಸ್ ತರಬೇತುದಾರರಾಗಿ ಬಂದರು. ಅದಕ್ಕೂ ಮುಂಚೆ ಸಣ್ಣ ಊರುಗಳ ಹೈಸ್ಕೂಲುಗಳಲ್ಲಿ ಹುಡುಗ ಹುಡುಗಿಯರಿಗೆ ಆಟ ಕಲಿಸುತ್ತಿದ್ದವರು. ಹೊಸ ಕೆಲಸದ ಜೊತೆಗೆ ಹುಡುಗರ ಹಾಸ್ಟೆಲ್ ನೋಡಿಕೊಳ್ಳುವ ಹೊಣೆಯೂ ಬಂತು; ಸಂಸಾರ ಸಮೇತ ಅಲ್ಲೇ ಇದ್ದರು. ಆಗ ಅಮೆರಿಕದ ದಕ್ಷಿಣದ ಅನೇಕ ಕಾಲೇಜುಗಳ ತಂಡಗಳಲ್ಲಿ ಕಪ್ಪು ಜನಾಂಗದವರಿಗೆ ಜಾಗವೇ ಇರಲಿಲ್ಲ. ಸೇರಿಸಿಕೊಂಡ ಕಡೆಯೂ ಒಂದೇ ಬಾರಿಗೆ ಇಷ್ಟೇ ಜನ ಆಡಬೇಕೆಂಬ ಬರೆಯದ ಲೆಕ್ಕವಿತ್ತು. ಹ್ಯಾಸ್ಕಿನ್ಸ್ ನ್ಯೂಯಾರ್ಕ್, ಡೆಟ್ರಾಯಿಟ್, ಗ್ಯಾರಿ ಮುಂತಾದ ಊರುಗಳಿಂದ ಹುಡುಗರನ್ನು ಕರೆತಂದರು. 1965-66ರ ತಂಡದ ಹನ್ನೆರಡು ಜನರಲ್ಲಿ ಏಳು ಮಂದಿ ಕಪ್ಪು ಜನಾಂಗದವರು.

ಆ ವರ್ಷ ಮೊದಲ 23 ಪಂದ್ಯಗಳನ್ನೂ ಗೆದ್ದರು. ಸಿಯಾಟಲ್ ಎದುರು ಮಾತ್ರ ಎರಡು ಅಂಕಗಳಿಂದ ಸೋತರು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕಾನ್ಸಾಸ್ ವಿರುದ್ಧ ಅದೃಷ್ಟವೂ ಕೈಹಿಡಿಯಿತು. ಸಮಬಲವಾಗಿ ಹೆಚ್ಚುವರಿ ಅವಧಿ ಮುಗಿಯುವ ಕ್ಷಣದಲ್ಲಿ ಕಾನ್ಸಾಸಿನ ಜೋ ಜೋ ವೈಟ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು, ಆದರೆ ಅವರ ಕಾಲು ಗೆರೆ ತುಳಿದಿತ್ತು. ಮತ್ತೊಂದು ಅವಧಿ ಆಡಿ 81-80ರಿಂದ ಟೆಕ್ಸಾಸ್ ವೆಸ್ಟರ್ನ್ ಗೆದ್ದಿತು. ಕಬಡ್ಡಿ ಆಡಿದವರಿಗೆ ಗೆರೆಯ ಬೆಲೆ ಹೇಳಬೇಕಿಲ್ಲ.

ಫೈನಲ್ ನಡೆದದ್ದು 1966ರ ಮಾರ್ಚ್ 19ರಂದು, ಮೇರಿಲ್ಯಾಂಡಿನಲ್ಲಿ. ಎದುರಾಳಿ ಕೆಂಟಕಿ, ಪೂರಾ ಬಿಳಿಯರ ತಂಡ. ಅದರ ತರಬೇತುದಾರ ಅಡಾಲ್ಫ್ ರಪ್ ಅದಾಗಲೇ ನಾಲ್ಕು ಸಲ ಚಾಂಪಿಯನ್ ಪಟ್ಟ ಗೆಲ್ಲಿಸಿದ್ದವರು. ಹ್ಯಾಸ್ಕಿನ್ಸ್ ಐವರು ಕಪ್ಪು ಆಟಗಾರರನ್ನೇ ಮೊದಲಿಗೆ ಇಳಿಸಿದರು. ಬದಲಿಯಾಗಿಯೂ ಉಳಿದಿಬ್ಬರನ್ನೇ ಕರೆದರು. ಆ ಪಂದ್ಯದ ಫೈನಲಿನಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ. ಐದಡಿ ಹತ್ತಿಂಚಿನ ಬಾಬಿ ಜೋ ಹಿಲ್ ಬೆನ್ನುಬೆನ್ನಿಗೆ ಎರಡು ಸಲ ಎದುರಾಳಿಯ ಕೈಯಿಂದ ಚೆಂಡು ಕಸಿದು ಬುಟ್ಟಿಗೆ ಹಾಕಿದರು. ಅಲ್ಲಿಂದ ಆಟ ತಿರುಗಿತು. ಅಂತಿಮ ಅಂಕ 72-65. ಆಮೇಲೆ ಕೇಳಿದವರಿಗೆ ಹ್ಯಾಸ್ಕಿನ್ಸ್ ಹೇಳುತ್ತಿದ್ದದ್ದು ಇಷ್ಟೇ: ನನಗೆ ಗೆಲ್ಲಬೇಕಿತ್ತು, ಚೆನ್ನಾಗಿ ಆಡುವವರನ್ನು ಇಳಿಸಿದೆ.

ಇದು ಯಾವುದೋ ದೂರದ ದೇಶದ ಮಾತು ಎನಿಸಬಹುದು. ಆದರೆ ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ದಲಿತ ಬೌಲರ್ ಪಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಪುಣೆಯಲ್ಲಿ ಅವರಿಗೆ ಅಂಗಳದಲ್ಲಿ ಚೆಂಡು ಕೊಡುತ್ತಿದ್ದ ಜೊತೆಗಾರರು ಚಹಾ ಕೊಡುತ್ತಿದ್ದದ್ದು ಹೊರಗೆ, ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿ ಎಲ್ಲ ಬೀದಿಯ ಹುಡುಗರೂ ಇದ್ದೆವು. ಒಂದೇ ಬಿಂದಿಗೆಯಿಂದ ನೀರು ಕುಡಿದೆವು. ಅದೇನು ದೊಡ್ಡ ಮಾತೆಂದು ಆಗ ತಿಳಿದಿರಲಿಲ್ಲ.

ಎಲ್ ಪಾಸೋದಲ್ಲೂ ಗೆಲುವಿನಿಂದ ಎಲ್ಲ ಸರಿಹೋಗಲಿಲ್ಲ. ಹ್ಯಾಸ್ಕಿನ್ಸರಿಗೆ ದ್ವೇಷದ ಪತ್ರಗಳು ರಾಶಿರಾಶಿಯಾಗಿ ಬಂದವು. ಹುಡುಗರನ್ನು ಆಟಕ್ಕೆ ಬಳಸಿಕೊಂಡು ಪದವಿಯಿಲ್ಲದೆ ಬಿಟ್ಟರೆಂದು 1968ರಲ್ಲಿ ಒಂದು ಪತ್ರಿಕೆ ಆ ಕಾಲೇಜಿನ ಮೇಲೆಯೇ ಆರೋಪ ಹೊರಿಸಿತು. ಆ ಪ್ರಶ್ನೆಯನ್ನು ಗೆಲುವಿನ ಸಂಭ್ರಮದಲ್ಲಿ ಮರೆಯಬಾರದೆಂದು ನನಗನಿಸುತ್ತದೆ. ಕೆಂಟಕಿ ತಂಡದಲ್ಲಿ ಕಪ್ಪು ಆಟಗಾರನೊಬ್ಬ ಅಂಗಳಕ್ಕಿಳಿಯಲು 1970ರವರೆಗೆ ಕಾಯಬೇಕಾಯಿತು.

2007ರಲ್ಲಿ ಇಡೀ ತಂಡಕ್ಕೆ ಬ್ಯಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್ ಗೌರವ ಸಂದಿತು. ಬಾಬಿ ಜೋ ಹಿಲ್ ಮಾತ್ರ ಆ ವೇಳೆಗೆ ಇರಲಿಲ್ಲ. ಆಟ ಬಿಟ್ಟ ಮೇಲೆ ಎಲ್ ಪಾಸೋದಲ್ಲೇ ಒಂದು ಗ್ಯಾಸ್ ಕಂಪನಿಯಲ್ಲಿ ನೌಕರಿ ಮಾಡಿಕೊಂಡಿದ್ದ ಅವರು 2002ರಲ್ಲಿ ತೀರಿಕೊಂಡಿದ್ದರು.